ಮನೆಯೇ ಮೊದಲ ದೇವಾಲಯ: ಸಂತ ಲೂಯಿ ಮತ್ತು ಸಂತ ಝೆಲಿ ಮಾರ್ಟಿನ್

ನೂರು ವರ್ಷಗಳನ್ನು ಕಂಡ ದೇವಾಲಯವೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಹುಡುಕುವುದು ಅಡಿಗಲ್ಲಿನ ತಾರೀಖನ್ನು, ಸೇವೆ ಸಲ್ಲಿಸಿದ ಗುರುವರ್ಯರ ಪಟ್ಟಿಯನ್ನು, ಗಂಟೆಗೋಪುರಕ್ಕೆ ದ್ರವ್ಯಸಹಾಯ ಮಾಡಿದ ದಾನಿಗಳ ಹೆಸರುಗಳನ್ನು. ಇವೆಲ್ಲವೂ ಅವಶ್ಯವೇ. ಆದರೆ ಸಂಜೆಯ ದೀಪ ಹಚ್ಚಿ ಮಕ್ಕಳಿಂದ ಜಪಮಾಲೆ ಹೇಳಿಸಿದ ತಾಯಂದಿರ ಹೆಸರಾಗಲಿ, ದಣಿದು ಮನೆಗೆ ಬಂದರೂ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕದೆ ಮಲಗದ ತಂದೆಯರ ಹೆಸರಾಗಲಿ ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಲ್ಲಿ ಒಂದೊಂದು ಸಾಲು; ಅಷ್ಟೇ ಅವರ ಚರಿತ್ರೆ. ಅಂಥ ಸಾಲುಗಳ ಹಿಂದೆ ಎಂಥ ಪಾವಿತ್ರ್ಯ ಅಡಗಿರಬಲ್ಲದೆಂಬುದನ್ನು ಫ್ರಾನ್ಸ್ ದೇಶದ ಒಂದು ಕುಟುಂಬದ ಕಥೆ ನಮಗೆ ತಿಳಿಸುತ್ತದೆ. ಬಾಲಯೇಸುವಿನ ಸಂತ ತೆರೇಸಮ್ಮನವರನ್ನು ನಾವೆಲ್ಲರೂ ಬಲ್ಲೆವು. ಅವರನ್ನು ಹೆತ್ತು ಬೆಳೆಸಿದವರನ್ನು ಬಲ್ಲವರು ವಿರಳ.

ಲೂಯಿ ಮಾರ್ಟಿನ್ 1823ರಲ್ಲಿ ಬೋರ್ಡೋ ನಗರದಲ್ಲಿ ಹುಟ್ಟಿದರು. ಗಡಿಯಾರದ ಕೆಲಸ ಕಲಿತರು. ಯೌವನದಲ್ಲಿ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠವನ್ನು ಸೇರಬಯಸಿದಾಗ, ಲ್ಯಾಟಿನ್ ಬಾರದೆಂಬ ಕಾರಣದಿಂದ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. 1831ರಲ್ಲಿ ಜನಿಸಿದ ಝೆಲಿ ಗೆರಾನ್ ಸಹ ಕನ್ಯಾಸ್ತ್ರೀಯಾಗಲು ಅಪೇಕ್ಷಿಸಿ, ಮಠದ ಹಿರಿಯರಿಂದ ನಿರಾಕರಿಸಲ್ಪಟ್ಟವರು. ಹೀಗೆ ಮಠದ ಬಾಗಿಲಿನಿಂದ ಹಿಂದಿರುಗಿದ ಇಬ್ಬರು ಅಲಾನ್ಸೋನ್ ಎಂಬ ಪಟ್ಟಣದಲ್ಲಿ ಪರಿಚಿತರಾಗಿ, 1858ರ ಜುಲೈ 13ರಂದು ವಿವಾಹವಾದರು. ಮೊದಲ ಹತ್ತು ತಿಂಗಳು ಅವರು ಅಣ್ಣತಂಗಿಯರಂತೆಯೇ ಬಾಳಿದರು. ಮದುವೆಯ ಬಾಳು ಮಠದ ಬಾಳಿಗಿಂತ ಕೆಳಗಿನದೆಂಬ ಭಾವನೆ ಅವರಲ್ಲೂ ಇತ್ತು. ಮಕ್ಕಳನ್ನು ಪಡೆದು ದೇವರಿಗಾಗಿ ಬೆಳೆಸುವುದೂ ಒಂದು ದೈವಕರೆಯೆಂದು ಅವರಿಗೆ ಮನಗಾಣಿಸಿದವರು ಒಬ್ಬ ಗುರುಗಳು. ಮುಂದೆ ಅವರಿಗೆ ಒಂಬತ್ತು ಮಕ್ಕಳಾದರು.

ಅಲಾನ್ಸೋನ್ ಪಟ್ಟಣವು ಸೂಜಿಯಿಂದ ಹೆಣೆಯುವ ಲೇಸಿಗೆ ಹೆಸರಾದುದು. ಝೆಲಿಯವರು ಮದುವೆಗೆ ಮುಂಚೆಯೇ ಆ ಉದ್ಯಮವನ್ನು ಆರಂಭಿಸಿದ್ದರು. ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಹೆಣೆದು, ಗುರುವಾರ ತಂದು ಒಪ್ಪಿಸುತ್ತಿದ್ದರು. ಆ ತುಂಡುಗಳನ್ನು ಜೋಡಿಸಿದ ಗುರುತು ಕಾಣದಂತೆ ಒಂದಾಗಿ ಹೊಲಿಯುವ ಕಷ್ಟದ ಕೆಲಸ ಝೆಲಿಯವರದು. ಬೆಳಗಿನಿಂದ ರಾತ್ರಿಯವರೆಗೆ ಕಿಟಕಿಯ ಬಳಿ ಕುಳಿತು ದುಡಿಯುತ್ತಿದ್ದ ಅವರು ಎಷ್ಟೋ ಸಲ ಬಳಲಿಕೆಯನ್ನು ತೋಡಿಕೊಂಡಿದ್ದಾರೆ. ತಮ್ಮನಿಗೂ ಹೆಣ್ಣುಮಕ್ಕಳಿಗೂ ಅವರು ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ದಿವ್ಯದರ್ಶನಗಳ ವರ್ಣನೆಯಿಲ್ಲ. ಮಕ್ಕಳ ಜ್ವರ, ವ್ಯಾಪಾರದ ಚಿಂತೆ, ಹಬ್ಬದ ಉಡುಪು, ಇವುಗಳ ನಡುವೆಯೇ ದೇವರ ಮಾತು ಬರುತ್ತದೆ. 1870ರಲ್ಲಿ ಲೂಯಿಯವರು ತಮ್ಮ ಗಡಿಯಾರದ ಅಂಗಡಿಯನ್ನು ಬಿಟ್ಟುಕೊಟ್ಟು ಪತ್ನಿಯ ಉದ್ಯಮಕ್ಕೆ ಹೆಗಲು ಕೊಟ್ಟರು.

ದಂಪತಿಗಳು ಪ್ರತಿದಿನ ಮುಂಜಾನೆಯೇ ಬಲಿಪೂಜೆಗೆ ಹೋಗುತ್ತಿದ್ದರು. ಹಳ್ಳಿಯ ಜನರು ಪಟ್ಟಣಕ್ಕೆ ಬರುವ ಭಾನುವಾರ ವ್ಯಾಪಾರಕ್ಕೆ ಒಳ್ಳೆಯ ದಿನವೆಂದು ಗೆಳೆಯರು ಹೇಳಿದರೂ ಲೂಯಿಯವರು ಅಂದು ಅಂಗಡಿಯ ಬಾಗಿಲು ತೆರೆಯಲಿಲ್ಲ. ರೈಲು ನಿಲ್ದಾಣದಲ್ಲಿ ಮೂರ್ಛೆರೋಗದ ಬಡವನೊಬ್ಬ ಊರಿಗೆ ಹೋಗಲು ಹಣವಿಲ್ಲದೆ ನಿಂತಿದ್ದಾಗ, ಅವರು ತಮ್ಮ ಟೊಪ್ಪಿಗೆಯನ್ನೇ ತೆಗೆದು, ತಾವು ಮೊದಲು ಹಣ ಹಾಕಿ, ಅಲ್ಲಿದ್ದವರ ಮುಂದೆ ಚಾಚಿದರು. ಮಕ್ಕಳು ಉಪದೇಶಗಳಿಗಿಂತ ಹೆಚ್ಚಾಗಿ ಇಂಥವುಗಳನ್ನು ಕಂಡೇ ಕಲಿತರು.

ಪಾವಿತ್ರ್ಯವು ಆ ಮನೆಯಿಂದ ದುಃಖವನ್ನು ದೂರವಿಡಲಿಲ್ಲ. 1867ರಿಂದ 1870ರವರೆಗಿನ ನಾಲ್ಕು ವರ್ಷಗಳಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. ಇಬ್ಬರು ಗಂಡುಕೂಸುಗಳು, ಐದು ವರ್ಷದ ಹೆಲೆನ್, ಎದೆಹಾಲಿಗಾಗಿ ದಾದಿಗೆ ಒಪ್ಪಿಸಿದಾಗ ಹೊಟ್ಟೆಗಿಲ್ಲದೆ ಸೊರಗಿದ ಮತ್ತೊಂದು ಹೆಣ್ಣುಕೂಸು. ಇವರು ಹುಟ್ಟದಿದ್ದರೇ ಚೆನ್ನಾಗಿತ್ತೆಂದು ಸಮಾಧಾನ ಹೇಳಬಂದವರ ಮಾತನ್ನು ತಾಯಿ ಒಪ್ಪಲಿಲ್ಲ. ಮಕ್ಕಳು ಕಳೆದುಹೋಗಿಲ್ಲ, ಮೋಕ್ಷದಲ್ಲಿ ಮತ್ತೆ ಸಿಗುವರೆಂಬುದು ಅವರ ದೃಢ ವಿಶ್ವಾಸ.

ಇನ್ನೊಂದು ನೋವು ಇದಕ್ಕಿಂತ ಭಿನ್ನವಾದುದು. ಮೂರನೆಯ ಮಗಳು ಲೆಯೊನಿ ರೋಗಿಷ್ಠೆ, ಹಟಮಾರಿ. ಶಾಲೆಯಿಂದಲೂ ಹಿಂದಕ್ಕೆ ಬಂದವಳು. ತಾಯಿ ಎಷ್ಟು ಪ್ರಯತ್ನಿಸಿದರೂ ಆಕೆಯ ಮನಸ್ಸು ಒಲಿಯಲಿಲ್ಲ. ಕಾರಣ ತಿಳಿದದ್ದು 1877ರಲ್ಲಿ. ಮನೆಯ ಸೇವಕಿಯೇ ಆ ಹುಡುಗಿಯನ್ನು ಗುಟ್ಟಾಗಿ ಬೆದರಿಸಿ ತನ್ನ ಅಧೀನದಲ್ಲಿ ಇಟ್ಟುಕೊಂಡಿದ್ದಳು. ಒಂದೇ ಸೂರಿನಡಿ ನಡೆಯುತ್ತಿದ್ದುದು ಧರ್ಮನಿಷ್ಠಳಾದ ತಾಯಿಯ ಕಣ್ಣಿಗೆ ವರ್ಷಗಟ್ಟಲೆ ಬಿದ್ದಿರಲಿಲ್ಲ! ಆ ವೇಳೆಗೆ ಝೆಲಿಯವರ ಸ್ತನದ ಕ್ಯಾನ್ಸರ್ ಗುಣವಾಗದ ಹಂತವನ್ನು ಮುಟ್ಟಿತ್ತು. ಉಳಿದ ಕೆಲವೇ ತಿಂಗಳುಗಳಲ್ಲಿ ಅವರು ಮಗಳನ್ನು ಪಕ್ಕದಲ್ಲೇ ಇರಿಸಿಕೊಂಡು, ಮಮತೆಯಿಂದ ಅವಳ ಹೃದಯವನ್ನು ಗೆದ್ದರು. ಲೆಯೊನಿಗಾಗಿಯಾದರೂ ಬದುಕಬೇಕೆಂಬ ಆಸೆಯಿಂದ ಜೂನ್ ತಿಂಗಳಲ್ಲಿ ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ಸ್ವಸ್ಥತೆ ದೊರೆಯಲಿಲ್ಲ. 1877ರ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ, ಅವರು ಕಣ್ಣುಮುಚ್ಚಿದರು. ಆಗ ತೆರೇಸಳಿಗೆ ಇನ್ನೂ ಐದು ತುಂಬಿರಲಿಲ್ಲ.

ಐವರು ಹೆಣ್ಣುಮಕ್ಕಳೊಡನೆ ಉಳಿದ ಲೂಯಿಯವರು, ಮಕ್ಕಳಿಗೆ ಸೋದರಮಾವ ಮತ್ತು ಅತ್ತೆಯ ಆಸರೆ ಇರಲೆಂದು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಪೋಲಿನ್, ಮರೀ, ಬಳಿಕ 1888ರಲ್ಲಿ ಹದಿನೈದರ ತೆರೇಸ, ಹೀಗೆ ಒಬ್ಬೊಬ್ಬರನ್ನೇ ಕಾರ್ಮೆಲ್ ಮಠಕ್ಕೆ ಒಪ್ಪಿಸಿದರು. ಮರುವರ್ಷ ಅವರ ಬುದ್ಧಿ ಕದಡಿತು. ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇರಬೇಕಾಯಿತು. ಮಕ್ಕಳು ಮಠಕ್ಕೆ ಹೋದುದರಿಂದಲೇ ತಂದೆಗೆ ಈ ಗತಿ ಬಂತೆಂದು ಊರಿನವರು ಆಡಿಕೊಂಡರು. 1892ರಲ್ಲಿ ಮನೆಗೆ ಮರಳಿದ ಅವರನ್ನು ಮಗಳು ಸೆಲಿನ್ ಉಪಚರಿಸಿದಳು. 1894ರ ಜುಲೈ 29ರಂದು ಅವರು ದೈವಾಧೀನರಾದರು.

ತಮಗೊಬ್ಬ ಮಗ ಹುಟ್ಟಿ ಧರ್ಮಪ್ರಚಾರಕ ಗುರುವಾಗಲೆಂದು ಈ ದಂಪತಿಗಳು ಪ್ರಾರ್ಥಿಸಿದ್ದರು. ಹುಟ್ಟಿದ ಇಬ್ಬರು ಗಂಡುಮಕ್ಕಳೂ ಉಳಿಯಲಿಲ್ಲ. ಆದರೆ 1896ರಲ್ಲಿ ಚೀನಾ ದೇಶಕ್ಕೆ ಹೊರಟ ಒಬ್ಬ ಗುರುಗಳನ್ನು ತೆರೇಸಮ್ಮನವರು ಆತ್ಮೀಯ ಸೋದರನನ್ನಾಗಿ ಸ್ವೀಕರಿಸಿ, ಅವರಿಗಾಗಿ ಪ್ರಾರ್ಥಿಸುತ್ತಾ ಬಂದರು. ಆ ಗುರುಗಳು ಪ್ಯಾರಿಸ್ಸಿನ ಮಿಷನ್ ಸಂಸ್ಥೆಗೆ ಸೇರಿದವರು. ನಮ್ಮ ಮೈಸೂರು ಸೀಮೆಯಲ್ಲಿ ಹಳ್ಳಿಹಳ್ಳಿ ತಿರುಗಿ ದುಡಿದ ಫ್ರೆಂಚ್ ಗುರುಗಳೂ ಅದೇ ಸಂಸ್ಥೆಯವರೆಂಬುದನ್ನು ಇಲ್ಲಿ ಸ್ಮರಿಸಬಹುದು. 1927ರಲ್ಲಿ ಧರ್ಮಸಭೆಯು ತೆರೇಸಮ್ಮನವರನ್ನು ಧರ್ಮಪ್ರಚಾರ ಕಾರ್ಯದ ಪಾಲಕಿಯೆಂದು ಸಾರಿತು. ತಂದೆತಾಯಿಯರ ಪ್ರಾರ್ಥನೆಗೆ ಅವರೆಣಿಸದ ರೀತಿಯಲ್ಲಿ ಉತ್ತರ ಬಂದಿತ್ತು.

ಲೂಯಿ ಮತ್ತು ಝೆಲಿಯವರನ್ನು 2008ರಲ್ಲಿ ಧನ್ಯರೆಂದು ಘೋಷಿಸಲಾಯಿತು; 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತ ಧರ್ಮಾಧ್ಯಕ್ಷರ ಮಹಾಸಭೆ ರೋಮಿನಲ್ಲಿ ನಡೆಯುತ್ತಿದ್ದಾಗಲೇ, ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಅವರ ಸ್ಮರಣೆಯ ದಿನ ಜುಲೈ 12. ಅದೇ 2015ರಲ್ಲಿ ಇನ್ನೊಂದು ವಿಷಯವೂ ನಡೆಯಿತು. ಮೂರು ಬಾರಿ ಮಠ ಸೇರಿ ಹಿಂದಿರುಗಿ, ನಾಲ್ಕನೆಯ ಬಾರಿ 1899ರಲ್ಲಿ ನೆಲೆ ಕಂಡು, 1941ರಲ್ಲಿ ತೀರಿಕೊಂಡ ಲೆಯೊನಿಯ ಸಂತಪದವಿಯ ವಿಚಾರಣೆ ಆರಂಭವಾಯಿತು. ತಾಯಿ ಯಾವ ಮಗಳಿಗಾಗಿ ಅತ್ತಿದ್ದಳೋ ಆ ಮಗಳು!

ಇವರ ಮನೆಯಲ್ಲಿ ತಪ್ಪುಗಳು ನಡೆಯಲಿಲ್ಲವೆಂದಾಗಲಿ, ಕಣ್ಣೀರು ಇಳಿಯಲಿಲ್ಲವೆಂದಾಗಲಿ ಧರ್ಮಸಭೆಯು ಹೇಳುತ್ತಿಲ್ಲ. ತಪ್ಪನ್ನು ಕಂಡೊಡನೆ ತಿದ್ದಿಕೊಂಡರು, ಕಣ್ಣೀರಿನಲ್ಲೂ ಪ್ರಾರ್ಥನೆಯನ್ನು ಬಿಡಲಿಲ್ಲ. ಇದು ನಮ್ಮ ಕೈಗೆ ಎಟುಕದ ಪಾವಿತ್ರ್ಯವಲ್ಲ. ನಮ್ಮ ಧರ್ಮಕೇಂದ್ರದ ನೂರು ವರ್ಷಗಳಲ್ಲಿಯೂ ಇಂಥ ತಂದೆತಾಯಿಗಳು ಬಾಳಿ ಹೋಗಿದ್ದಾರೆ. ಅವರ ಪ್ರತಿಮೆಗಳು ಪೀಠದ ಮೇಲಿಲ್ಲ. ಅವರು ಕಲಿಸಿದ ಪ್ರಾರ್ಥನೆಗಳು ನಮ್ಮ ನಾಲಿಗೆಯ ಮೇಲಿವೆ. ಇಂದು ರಾತ್ರಿ ನಮ್ಮ ಮಕ್ಕಳನ್ನು ಕೂಡಿಸಿಕೊಂಡು ಜಪಕ್ಕೆ ಕುಳಿತಾಗ, ಹೆಸರು ಉಳಿಯದ ಆ ಹಿರಿಯರಿಗಾಗಿ ಒಂದು ನಮೋ ಮರಿಯಾ ಹೇಳೋಣ. ಮನೆಯಲ್ಲಿ ನಮ್ಮ ಕಣ್ಣಿಗೆ ಬೀಳದೆ ನೊಂದಿರುವ ಮಗು ಯಾವುದೆಂದು ಒಮ್ಮೆ ನೋಡೋಣ.