ಸೋರುವ ಮಾಡು ಮತ್ತು ಕಟ್ಟಡದ ಚರಿತ್ರೆ

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆಯಿಂದ ಮೂಡಿಗೆರೆ, ಕಳಸಗಳವರೆಗೆ ಹಬ್ಬಿರುವ ಕಾಫಿಯ ಸೀಮೆಯಲ್ಲಿ ಮಳೆಗಾಲವೇ ಕಟ್ಟಡಗಳ ಪರೀಕ್ಷಾಕಾಲ. ನೀರು ತೊಟ್ಟಿಕ್ಕುವ ಸ್ಥಳವೇ ಅದು ಒಳಹೊಕ್ಕ ಸ್ಥಳವೆಂದು ಹೇಳುವಂತಿಲ್ಲ. ಪಕಾಸಿನ ಗುಂಟ ಹರಿದು, ಗೋಡೆಯೊಳಗೆ ಇಳಿದು, ಬೇರೊಂದು ಕೋಣೆಯಲ್ಲಿ ಕಾಣಿಸಿಕೊಳ್ಳಬಹುದು. ಆದುದರಿಂದ ಸೋರಿಕೆಯ ಶೋಧನೆಯು ಮೂಲತಃ ಕಟ್ಟಡದ ಚರಿತ್ರೆಯ ಶೋಧನೆಯೆಂದು ನಾವು ಭಾವಿಸುತ್ತೇವೆ.

ಮಲೆನಾಡಿನ ಮಾಡುಗಳೇ ಇದಕ್ಕೆ ನಿದರ್ಶನ. ಹುಲ್ಲು, ನಾಡಹೆಂಚುಗಳ ಕಾಲವಾದ ಮೇಲೆ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಪ್ರಚಾರಕ್ಕೆ ಬಂದಿತು. ಅನಂತರ ಕಾಂಕ್ರೀಟಿನ ತಾರಸಿ ಬಂದಿತು. ಹೆಂಚಿನ ಮಾಡು ಇಳಿಜಾರಿನಿಂದ ನೀರನ್ನು ಕಳೆಯುತ್ತದೆ. ತಾರಸಿಯಾದರೋ ಅಲ್ಪ ಇಳಿಜಾರನ್ನೂ ಗಾರೆಯ ಪದರವನ್ನೂ ನೆಚ್ಚಿರುತ್ತದೆ. ಹಳೆಯ ಮಾಡಿಗೆ ಹೊಸ ತಾರಸಿಯನ್ನು ಕೂಡಿಸಿದಲ್ಲಿ ಎರಡು ಕಾಲಗಳ ಸಂಧಿಯೇ ನೀರಿಗೆ ದಾರಿಯಾಗಬಲ್ಲದು.

ಇಂತಹ ಪದರಗಳನ್ನು ಒಂದೆಡೆ ದಾಖಲಿಸುವ ಸಾಧನವೇ ಕಟ್ಟಡ ಮಾಹಿತಿ ಪ್ರತಿರೂಪ. ನಕ್ಷೆಗಳಿಗೆ ಬದಲಾಗಿ ಗಣಕಯಂತ್ರದಲ್ಲಿ ಕಟ್ಟಡದ ವಿವರಣೆಯನ್ನಿಡಬಹುದೆಂದು ಅಮೆರಿಕೆಯ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲಿ ಪ್ರತಿಪಾದಿಸಿದರು. 2009ರಲ್ಲಿ ಐರ್ಲೆಂಡಿನ ಮಾರಿಸ್ ಮರ್ಫಿ ಮತ್ತು ಸಂಗಡಿಗರು ಲೇಸರ್ ಅಳತೆಯ ನೆರವಿನಿಂದ ಇದನ್ನು ಪುರಾತನ ಕಟ್ಟಡಗಳಿಗೆ ಅನ್ವಯಿಸಿದರು. ತೇವದ ಗುರುತು, ಮಳೆಯ ದಿನ, ಕೊಳವೆಯ ಹಾದಿ, ಮಾಡಿನ ಇಳಿಜಾರುಗಳನ್ನು ಇದರಲ್ಲಿ ಒಟ್ಟುಗೂಡಿಸಿದರೆ, ತೇವದಿಂದ ಮೇಲ್ಮುಖವಾಗಿ ನೀರಿನ ಜಾಡನ್ನು ಅರಸಬಹುದು.

ಆದರೆ ಪ್ರತಿರೂಪವು ತನಗೆ ತಿಳಿಸಿದಷ್ಟನ್ನು ಮಾತ್ರ ಬಲ್ಲುದು. ಸಮೀಪದ ಬೇಲೂರನ್ನು ನೋಡೋಣ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಚೆನ್ನಕೇಶವ ದೇವಾಲಯಕ್ಕೆ 1381ರಲ್ಲಿ ನಾಲ್ಕು ಆಧಾರಕಂಬಗಳನ್ನು ಸೇರಿಸಲಾಯಿತು. ಗರ್ಭಗುಡಿಯನ್ನು ಉಳಿಸುವ ಸಲುವಾಗಿ 1879ರಲ್ಲಿ ಶಿಖರವನ್ನು ಇಳಿಸಲಾಯಿತು. ಇಂದಿನ ಆಕಾರವನ್ನಷ್ಟೇ ಅಳೆದರೆ, ಶಿಖರವನ್ನು ಹೊತ್ತಿದ್ದ ಭಾಗವು ಮೊದಲಿನಿಂದಲೂ ಹೀಗೆಯೇ ಮಳೆಗೆ ಒಡ್ಡಿಕೊಂಡಿತ್ತೆಂಬ ಭ್ರಾಂತಿಯುಂಟಾದೀತು. ಪ್ರತಿಯೊಂದು ಅಂಗಕ್ಕೂ ಅದರ ವರ್ಷವನ್ನು ಬರೆದಿಟ್ಟರೆ ಮಾತ್ರ ಪ್ರತಿರೂಪವು ಚರಿತ್ರೆಯಾಗುತ್ತದೆ.

ವಸ್ತಾರೆಯ ಸಾಮಾನ್ಯ ಮನೆಗಳಿಗೆ ಶಾಸನಗಳಿಲ್ಲ. ಅಲ್ಲಿ ರಿಪೇರಿಯ ಕಾಲವನ್ನು ಹೇಳಬಲ್ಲವರು ಮನೆಯ ಹಿರಿಯರು, ಹೆಂಚು ಹೊದೆಸಿದ ಕೆಲಸಗಾರರು. ಯಂತ್ರದ ಅಳತೆಯೊಂದಿಗೆ ಅವರ ಸಾಕ್ಷ್ಯವನ್ನೂ ಸಂಗ್ರಹಿಸುವುದು ವಿದ್ಯಾರ್ಥಿಗಳ ಕರ್ತವ್ಯ. ಅವರು ಕಣ್ಮರೆಯಾದ ಬಳಿಕ ಗೋಡೆಯನ್ನು ಒಡೆದು ನೋಡುವುದೊಂದೇ ಮಾರ್ಗ ಉಳಿಯುತ್ತದೆ.