ಮತ್ತೋಡಿನ ಗಾಜು, ಕೈತುಂಬ ಬಳೆ

ಬಳೆ ಭಾರತದ ಅತಿ ಹಳೆಯ ಒಡವೆಗಳಲ್ಲೊಂದು. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ನರ್ತಕಿಯ ಕಂಚಿನ ವಿಗ್ರಹದ ಎಡಗೈ ತೋಳಿನಿಂದ ಮಣಿಕಟ್ಟಿನವರೆಗೆ ಬಳೆಗಳಿಂದ ತುಂಬಿದೆ. ಕರ್ನಾಟಕದ ಮಸ್ಕಿ, ಬ್ರಹ್ಮಗಿರಿಗಳ ಉತ್ಖನನದಲ್ಲಿ ಶಾತವಾಹನರ ಕಾಲದ ಪದರಗಳಿಂದ ಶಂಖದ ಬಳೆ, ಗಾಜಿನ ಬಳೆಗಳ ಚೂರುಗಳು ದೊರೆತಿವೆ. ಚಿನ್ನ ಉಳ್ಳವರ ಒಡವೆಯಾಗಿಯೇ ಉಳಿಯಿತು. ಗಾಜಿನ ಬಳೆ ಬಡವರ ಮನೆಗೂ ಬಂತು.

ಆ ಗಾಜು ಕಾಯಿಸುತ್ತಿದ್ದ ಊರುಗಳಲ್ಲಿ ಹೊಸದುರ್ಗ ತಾಲ್ಲೂಕಿನ ಮತ್ತೋಡು ಹೆಸರುವಾಸಿ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳ ಕೆಲಸವನ್ನು ಬರೆದಿಟ್ಟಿದ್ದಾನೆ. ಚೌಳು ಮಣ್ಣಿನಿಂದ ತೆಗೆದ ಕ್ಷಾರಕ್ಕೆ ಬಿಳಿ ಬೆಣಚುಕಲ್ಲಿನ ಪುಡಿ ಬೆರೆಸಿ ಕರಗಿಸಿದರೆ ಗಾಜು; ಅದಕ್ಕೆ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣ. ಹಳೆಯ ಪದ್ಧತಿಯಲ್ಲಿ ಕಾದ ಗಾಜನ್ನು ಕಬ್ಬಿಣದ ಸರಳಿನ ತುದಿಯಲ್ಲಿ ಪುಟ್ಟ ಉಂಗುರವಾಗಿಸಿ, ಚೂಪು ತುದಿಯ ಅಚ್ಚಿಗೇರಿಸಿ ತಿರುಗಿಸುತ್ತ ಹಿಗ್ಗಿಸುತ್ತಿದ್ದರು. ಆ ಬಳೆಗೆ ಬೆಸುಗೆ ಇರುತ್ತಿರಲಿಲ್ಲ. ಮುಂದೆ ಹೊರದೇಶದ ಅಗ್ಗದ ಬಳೆ, ಆಮೇಲೆ ಉತ್ತರ ಪ್ರದೇಶದ ಫಿರೋಜಾಬಾದಿನ ಬಳೆ ಮಾರುಕಟ್ಟೆ ತುಂಬಿದವು. ಫಿರೋಜಾಬಾದಿನಲ್ಲಿ ಗಾಜಿನ ಎಳೆಯನ್ನು ಸುರುಳಿ ಸುತ್ತಿ, ಕತ್ತರಿಸಿ, ತುದಿಗಳನ್ನು ಉರಿಯಲ್ಲಿ ಬೆಸೆಯುತ್ತಾರೆ.

ಬಳೆಯನ್ನು ಮನೆಬಾಗಿಲಿಗೆ ತಂದವನು ಬಳೆಗಾರ. ಬಳೆಗಳ ಮಲಾರ ಹೊತ್ತು ಊರೂರು ತಿರುಗುತ್ತಿದ್ದ ಅವನು ತವರಿನ ಸುದ್ದಿಯನ್ನೂ ತರುತ್ತಿದ್ದ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ (1942) ಬಳೆಗಾರ ಚೆನ್ನಯ್ಯ ಆ ವೃತ್ತಿಯ ಪ್ರತಿನಿಧಿ. ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ನೋಯಿಸದೆ ಬಳೆ ಏರಿಸುವುದು ಅವನ ಕೈಚಳಕ. ಅಂಗಡಿಯಲ್ಲಿ ಇಂದು ಕೇಳುವ ‘ಎರಡು ನಾಲ್ಕು’ ಎಂಬ ಅಳತೆಯೆಂದರೆ ಒಳವ್ಯಾಸ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು.

ಬಳೆಯ ಬೆಲೆ ಸಣ್ಣದು, ಅದು ಹೊರುವ ಅರ್ಥ ದೊಡ್ಡದು. ಮದುವೆಗೆ ಬಳೆ ಶಾಸ್ತ್ರ, ಸೀಮಂತಕ್ಕೆ ಹಸಿರು ಬಳೆ, ಗೌರಿಹಬ್ಬದ ಬಾಗಿನಕ್ಕೆ ಬಳೆ ಬಿಚ್ಚೋಲೆ. ಲಂಬಾಣಿ ಮಹಿಳೆಯರ ತೋಳು ತುಂಬುವ ಬಿಳಿಯ ಬಳೆಗಳು ಅವರ ಸಮುದಾಯದ ಗುರುತು.

ಇದೇ ಬಳೆ ನೋವಿಗೂ ಕಾರಣವಾಗಿದೆ. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ ಕ್ರೂರ ಪದ್ಧತಿಯನ್ನು ಕೈಬಿಡಲು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ನಿರ್ಣಯ ಕೈಗೊಂಡಿತು. ಹುಟ್ಟಿನಿಂದ ಕೈಯಲ್ಲಿದ್ದ ಬಳೆಯನ್ನು ಸಾವಿನ ಹೆಸರಿನಲ್ಲಿ ಕಿತ್ತುಕೊಳ್ಳಬಾರದು ಎಂಬ ಮಾತಿಗೆ ಅಲ್ಲಿ ಊರೇ ಒಪ್ಪಿಗೆ ಕೊಟ್ಟಿತು.