ಬೂಟು ಬಿಚ್ಚಿಟ್ಟ ಮೇಲಿನ ಚಾಪ್ಮನ್

ಕಾರ್ಲ್‌ಟನ್ ಚಾಪ್ಮನ್ ಹೆಸರೆತ್ತಿದರೆ ಹಳೆ ಫುಟ್‌ಬಾಲ್ ಪ್ರೇಮಿಗಳು 1993ರ ಮ್ಯಾಚಿನ ಕತೆ ಶುರು ಮಾಡ್ತಾರೆ. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತ್ತು. ಆ ಆರರಲ್ಲಿ ಮೂರು ಗೋಲು ಬೆಂಗಳೂರಿನ 22 ವರ್ಷದ ಈ ಮಿಡ್‌ಫೀಲ್ಡರ್‌ನದು. ನನಗೆ ಮಾತ್ರ ಅವರು ಬೂಟು ಬಿಚ್ಚಿಟ್ಟ ಮೇಲಿನ ಹತ್ತೊಂಬತ್ತು ವರ್ಷಗಳ ಕತೆಯೇ ಹೆಚ್ಚು ಕಾಡುತ್ತೆ.

ಮೊದಲು ಆಟಗಾರನ ಲೆಕ್ಕ ಮುಗಿಸೋಣ. ಹುಟ್ಟಿದ್ದು 1971ರಲ್ಲಿ, ಬೆಂಗಳೂರಿನಲ್ಲಿ. 1990ರಲ್ಲಿ ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ, ಆಮೇಲೆ ಈಸ್ಟ್ ಬೆಂಗಾಲ್. ಪಂಜಾಬಿನ ಜೆಸಿಟಿಯಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಎಫ್‌ಸಿ ಕೊಚ್ಚಿನ್‌ಗೆ ಹೋಗಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದರು. 2001ರಲ್ಲಿ ನಾಯಕನಾಗಿ ಲೀಗ್ ಗೆದ್ದುಕೊಟ್ಟು, ಮೂವತ್ತಕ್ಕೇ ಆಟ ನಿಲ್ಲಿಸಿಬಿಟ್ಟರು.

ಮರುವರ್ಷ ತಾನು ಕಲಿತ ಟಾಟಾ ಅಕಾಡೆಮಿಯಲ್ಲೇ ಕೋಚ್. 2008ರಲ್ಲಿ ಶಿಲಾಂಗ್‌ನ ರಾಯಲ್ ವಾಹಿಂಗ್ಡೊ ಸೇರಿಕೊಂಡರು. ಆಗ ಆ ಕ್ಲಬ್ಬಿನ ಹೆಸರು ಮೇಘಾಲಯದ ಆಚೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅವರ ಕಾಲದಲ್ಲಿ ತಂಡ ಮೂರು ಸಲ ಶಿಲಾಂಗ್ ಪ್ರೀಮಿಯರ್ ಲೀಗ್ ಗೆದ್ದಿತು, 2011ರಲ್ಲಿ ಬೊರ್ಡೊಲೋಯ್ ಟ್ರೋಫಿಯನ್ನೂ ತಂದಿತು. 2014-15ರಲ್ಲಿ ಅದೇ ಕ್ಲಬ್ ಐ-ಲೀಗ್‌ಗೆ ಬಂದು, ಮೊದಲ ಸೀಸನ್ನಿನಲ್ಲೇ ಮೂರನೇ ಸ್ಥಾನ ಪಡೀತು. ಅಷ್ಟೊತ್ತಿಗೆ ಕೋಚ್ ಸ್ಥಾನದಲ್ಲಿ ಸಂತೋಷ್ ಕಶ್ಯಪ್ ಇದ್ದರು. ಗಿಡಕ್ಕೆ ನೀರು ಹಾಕಿದ ಚಾಪ್ಮನ್ ಫಸಲಿನ ಹೊತ್ತಿಗೆ ಅಲ್ಲಿರಲಿಲ್ಲ. ಆಮೇಲೆ ಕೋಲ್ಕತ್ತಾದ ಭವಾನಿಪುರ, ದೆಹಲಿಯ ಸುದೇವಾ, 2017ರಿಂದ ಕೋಯಿಕ್ಕೋಡಿನ ಕ್ವಾರ್ಟ್ಜ್. ಒಂದೊಂದು ಊರಲ್ಲೂ ಮೊದಲಿಂದ ಶುರು.

ಬೇರೆ ಕಡೆ ಈ ದಾರಿ ಹೇಗಿರುತ್ತೆ? ಬೋಸ್ನಿಯಾದ ಇವಿತ್ಸಾ ಓಸಿಮ್ ಅವರನ್ನೇ ನೋಡಿ. ಸರಾಯೆವೋದ ಜೆಲ್ಯೆಜ್ನಿಚಾರ್ ಕ್ಲಬ್ಬಿಗೆ ಆಡಿದ್ದರು, ಅದೇ ಕ್ಲಬ್ಬಿಗೆ ಕೋಚ್ ಆದರು, 1985ರಲ್ಲಿ ಅದನ್ನು ಯುಎಫಾ ಕಪ್ ಸೆಮಿಫೈನಲ್‌ವರೆಗೆ ಒಯ್ದರು. ಮರುವರ್ಷ ಯುಗೊಸ್ಲಾವಿಯಾ ತಂಡ ಕೈಗೆ ಬಂತು, 2006ರಲ್ಲಿ ಜಪಾನ್ ತಂಡ. ಒಂದು ಮೆಟ್ಟಿಲು ಹತ್ತಿದರೆ ಮುಂದಿನ ಮೆಟ್ಟಿಲು ಕಾಣುತ್ತಿತ್ತು.

ನಮ್ಮಲ್ಲಿ 2014ರಲ್ಲಿ ಐಎಸ್‌ಎಲ್ ಬಂತು, ದುಡ್ಡು ಬಂತು, ಟಿವಿ ಬಂತು. ಆದರೆ ಹೆಡ್ ಕೋಚ್ ಕುರ್ಚಿಯಲ್ಲಿ ಕೂತವರು ವಿದೇಶಿಯರು. ಚಾಪ್ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 49 ವರ್ಷ, ಅಷ್ಟೇ. ಮೂರೇ ತಿಂಗಳಲ್ಲಿ ಅವರದೇ ಊರಿನ ಬೆಂಗಳೂರು ಎಫ್‌ಸಿ ತನ್ನ ಸ್ಪ್ಯಾನಿಷ್ ಕೋಚನ್ನು ಬಿಟ್ಟು, ಅವರದೇ ವಯಸ್ಸಿನ ಮಾಜಿ ಆಟಗಾರ ನೌಷಾದ್ ಮೂಸಾಗೆ ಹಂಗಾಮಿಯಾಗಿ ತಂಡ ಒಪ್ಪಿಸಿತು. ಅದೇ 2021ರಲ್ಲಿ ಖಾಲಿದ್ ಜಮೀಲ್ ಐಎಸ್‌ಎಲ್‌ನ ಮೊದಲ ಭಾರತೀಯ ಪೂರ್ಣಾವಧಿ ಹೆಡ್ ಕೋಚ್ ಆದರು. 2025ರಲ್ಲಿ ಭಾರತ ತಂಡವೇ ಅವರ ಕೈಗೆ ಬಂತು. ಬಾಗಿಲು ತೆರೀತು, ಚಾಪ್ಮನ್ ಇರಲಿಲ್ಲ.

ಇದಕ್ಕೂ ನಮ್ಮ ಬಳ್ಳಾರಿಗೂ ಏನು ಸಂಬಂಧ ಅಂತೀರಾ? ಹೊಸಪೇಟೆ ಕಡೆ ಹೊರಟರೆ ಸಿಗೋ ತೋರಣಗಲ್ಲು, ಜಿಂದಾಲ್ ಉಕ್ಕಿನ ಕಾರ್ಖಾನೆಯ ಊರು. 2018ರಲ್ಲಿ ಅಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯ್ತು, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅಲ್ಲಿಗೇ ಬಂತು. ಅಂಥ ಕಡೆ ಸೇರುವ ಹುಡುಗರೆಲ್ಲ ಸುನಿಲ್ ಚೆಟ್ರಿ ಆಗೋಕಾಗಲ್ಲ. ಮೂವತ್ತಕ್ಕೆ ಆಟ ಮುಗಿದಾಗ ಅವರಲ್ಲಿ ಒಬ್ಬ ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಸಂಬಳ ತಗೊಂಡು ಮಕ್ಕಳಿಗೆ ಕಲಿಸುವಂತಾಗಬೇಕು. ಚೆನ್ನಾಗಿ ಕಲಿಸಿದರೆ ಅಲ್ಲಿಂದ ಜಿಲ್ಲಾ ತಂಡಕ್ಕೆ, ರಾಜ್ಯ ತಂಡಕ್ಕೆ ಅವನಿಗೆ ದಾರಿ ಇರಬೇಕು. ಹ್ಯಾಟ್ರಿಕ್ ಹೊಡೆದವರನ್ನು ನಾವು ಮರೆಯಲ್ಲ. ಅವರಿಗೆ ಆಮೇಲೆ ಕೆಲಸ ಕೊಡೋದನ್ನಷ್ಟೇ ಮರೀತೀವಿ.